ಹಬೆಮನೆಯ ಹಿಂದಿನ ಪಾತಿಯನ್ನು ಕೀಳದಿರುವ ಬಗ್ಗೆ

ಇಂದ,
ರೈವಿಸ್ ಸ್ಕುಯಾ,
ಪರವಾನಗಿ ಪಡೆದ ಹೆಂಪ್ ಬೆಳೆಗಾರ,
'ವೀತೋಲಿ' ತೋಟದಮನೆ (ನಂಬರಿಲ್ಲ, ಕೇಳಿದರೆ ಯಾರಾದರೂ ತೋರಿಸುತ್ತಾರೆ. ತಮ್ಮ ನೋಟೀಸಿಗೆ ಯಾರೂ ತೋರಿಸಬೇಕಾಗಲಿಲ್ಲ),
ಸಲತ್ಸಾ ಹೊಳೆಯ ದಂಡೆ, ಉತ್ತರ ಲಾಟ್ವಿಯಾ.

ಗೆ,
ಮಾನ್ಯ ಮುಖ್ಯ ಅಧಿಕಾರಿಗಳು,
ಬೀಜ ಮತ್ತು ತಳಿ ಶಿಸ್ತು ಕಚೇರಿ,
ಜಿಲ್ಲಾ ಶಾಖೆ, ಎರಡನೇ ಮಹಡಿ.

ಮೂಲಕ:
ಶ್ರೀಮತಿ ಸೋಲ್ವಿತಾ, ಕ್ಷೇತ್ರ ನಿರೀಕ್ಷಕರು (ಇವರು ನಮ್ಮ ಮನೆಯಲ್ಲಿ ರೊಟ್ಟಿ ತಿಂದಿರುತ್ತಾರೆ, ವಿವರ ಕೆಳಗಿದೆ).

ವಿಷಯ: ನನ್ನ ಅಜ್ಜಿ ವೆಲ್ತಾ ಸ್ಕುಯಾ ಇವರ ಹೆಂಪ್ ಪಾತಿಯನ್ನು ಬೀಜ ಬಲಿಯುವ ಮೊದಲೇ ಬೇರುಸಹಿತ ಕೀಳಬೇಕೆಂಬ ಆದೇಶವನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: (೧) ಆಗಸ್ಟ್ ತಿಂಗಳ ತಮ್ಮ ಆದೇಶ. (೨) ಅದನ್ನು ಓದಿ ಅಜ್ಜಿ ಅಡುಗೆಮನೆಯಲ್ಲಿ ಆಡಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಆದಕಾರಣ ಈ ಅರ್ಜಿಯಲ್ಲಿ ಭಾಷೆಯ ತಪ್ಪುಗಳಿದ್ದರೆ ಅವು ನನ್ನವು, ಮರ್ಯಾದೆ ಇದ್ದರೆ ಅದು ಅಜ್ಜಿಯದು. ಮೊದಲ ಪ್ರತಿಯಲ್ಲಿ ತಮ್ಮ ಕಚೇರಿಯನ್ನು ಕುರಿತು ಕೆಲವು ವಿಶೇಷಣಗಳಿದ್ದವು. ಅವಳು ಕನ್ನಡಕ ಹಾಕಿಕೊಂಡು ಕೂತು ಒಂದೊಂದನ್ನೂ ಹೊಡೆದು ಹಾಕಿಸಿದ್ದಾಳೆ. ವಾಕ್ಯಗಳು ಅಲ್ಲಲ್ಲಿ ಬೋಳಾಗಿ ಕಂಡರೆ ಕಾರಣ ಅದು. ತಮಗೆ ತೋಚಿದ್ದನ್ನು ತುಂಬಿಕೊಂಡು ಓದಬೇಕಾಗಿ ವಿನಂತಿ.

೧. ತಮ್ಮ ಪರವಾನಗಿ ಪಡೆದು, ತಮ್ಮ ಪಟ್ಟಿಯಲ್ಲಿರುವ ತಳಿಯನ್ನೇ, ಮೂಟೆಗೆ ಹೊಲಿದ ಚೀಟಿಯ ಸಮೇತ ತರಿಸಿ, ಹೊಳೆ ಪಕ್ಕದ ಹೊಲದಲ್ಲಿ ನಾನು ಹೆಂಪ್ ಬೆಳೆದಿರುತ್ತೇನೆ. ಇದು ಗಾಂಜಾದ ದಾಯಾದಿಯೇ ಹೌದು. ಅಮಲು ಮಾತ್ರ ಇಲ್ಲ. ಪೊಲೀಸರು ಬಂದು ಮೂಸಿ ನೋಡಿ ಬೇಸರದಿಂದ ವಾಪಸು ಹೋಗಿದ್ದಾರೆ. ನನಗೆ ಬೇಕಾಗಿದ್ದದ್ದು ಅದರ ನಾರಲ್ಲ, ಕಾಳೂ ಅಲ್ಲ. ಹೆಣ್ಣು ಹೂವಿನ ಮೇಲೆ ಬೆವರಿನ ಹಾಗೆ ಕೂರುವ ಅಂಟು. ಆ ಅಂಟಿನಲ್ಲಿ ಕ್ಯಾನಬಿಜೆರಾಲ್ ಎಂಬ ವಸ್ತು ಇರುತ್ತದೆ, ಚಿಕ್ಕದಾಗಿ ಸಿಬಿಜಿ. ತಮ್ಮ ಆದೇಶದಲ್ಲಿ ಇದನ್ನು 'ಇತರೆ' ಎಂಬ ಕಾಲಂನಲ್ಲಿ ನಮೂದಿಸಿರುವುದರಿಂದ ವಿವರಿಸಬೇಕಾಗಿ ಬಂದಿದೆ. ಊರಿಗೆಲ್ಲ ಗೊತ್ತಿರುವುದು ಸಿಬಿಡಿ. ಅದರ ಎಣ್ಣೆ ಈಗ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಸಿಬಿಜಿಯ ಹೆಸರನ್ನು ಕೇಳಿದವರು ಕಡಿಮೆ. ಆದರೆ ಗಿಡದೊಳಗೆ ಮೊದಲು ಹುಟ್ಟುವುದು ಇದರ ಮೂಲರೂಪವೇ. ಉಳಿದವೆಲ್ಲ ಅದರಿಂದ ಆಗುತ್ತವೆ. ಆಗಿ ಮುಗಿಯುವ ಹೊತ್ತಿಗೆ ಅದರ ಪಾಲಿಗೆ ಏನೂ ಉಳಿದಿರುವುದಿಲ್ಲ. ಅದಕ್ಕೇ ತಿಳಿದವರು ಅದನ್ನು ತಾಯಿ ಎನ್ನುತ್ತಾರೆ. ನಾನು ತರಿಸಿದ ತಳಿಯಲ್ಲಿ ತಾಯಿ ಕೊನೆಯವರೆಗೂ ತಾಯಿಯಾಗಿಯೇ ಉಳಿಯುತ್ತದೆ, ಬೇರೇನೂ ಆಗಿ ಕರಗುವುದಿಲ್ಲ. ಇದನ್ನು ಅಜ್ಜಿಗೆ ಹೇಳಿದಾಗ ಅವಳು ಆಲೂಗಡ್ಡೆ ಹೆರೆಯುತ್ತಿದ್ದಳು.

"ಮಕ್ಕಳು ತಿಂದು ಮುಗಿಸದ ತಾಯಿ," ಅಂದಳು. "ಹೊಲದಲ್ಲಾದ್ರೂ ಒಂದು ಅಂಥದ್ದು ಇರಲಿ ಬಿಡು."

೨. ಸದರಿ ವಸ್ತುವಿನ ಉಪಯೋಗಗಳ ಬಗ್ಗೆ: ಹೂವನ್ನು ಕೊಳ್ಳುತ್ತೇನೆಂದು ಬಂದ ರೀಗಾದ ವ್ಯಾಪಾರಿ ಮಾರ್ಗೆರ್ಸ್ ಎಂಬುವವನು ಒಂದು ಬಣ್ಣದ ಕರಪತ್ರ ಕೊಟ್ಟಿದ್ದ. ಅದರ ಪ್ರಕಾರ ಸಿಬಿಜಿಯಿಂದ ಕೀಲುನೋವಿಗೆ ಸಹಾಯವಾಗಬಹುದು. ಹೊಟ್ಟೆಯ ಉರಿಗೆ ಆಗಬಹುದು. ಚರ್ಮಕ್ಕೆ ಆಗಬಹುದು, ನಿದ್ದೆಗೆ ಆಗಬಹುದು, ಕಣ್ಣಿನೊಳಗಿನ ಒತ್ತಡಕ್ಕೂ ಆಗಬಹುದು. ಹಸಿವು ಹೆಚ್ಚಾಗಬಹುದು, ಚಿಂತೆ ಕಡಿಮೆಯಾಗಬಹುದು. ಇಲಿಗಳಿಗೆ ಆಗಿದೆಯಂತೆ. ಮನುಷ್ಯರಿಗೆ ಇನ್ನೂ ಸರಿಯಾಗಿ ಕೇಳಿ ನೋಡಿಲ್ಲವಂತೆ. ಕರಪತ್ರದ ಕೆಳಗೆ, ಇರುವೆ ಓದಬಹುದಾದ ಅಕ್ಷರದಲ್ಲಿ, ಮೇಲಿನ ಯಾವುದನ್ನೂ ನಾವು ಹೇಳಿಲ್ಲ ಎಂದು ಮುದ್ರಿಸಿತ್ತು. ಅಜ್ಜಿ ಕರಪತ್ರವನ್ನು ಪೂರ್ತಿ ಕೇಳಿಸಿಕೊಂಡು, ಈ ಹುಡುಗನಿಗೆ ಮದುವೆ ಆಗಬಹುದಾ, ಅದನ್ನೂ ಬರೆದಿದಾರಾ ನೋಡು ಎಂದು ನನ್ನ ಕಡೆ ಸೌಟು ತೋರಿಸಿದಳು.

ಮಾರ್ಗೆರ್ಸ್ ಮಾದರಿಗೆಂದು ಒಂದು ಡಬ್ಬಿ ಮುಲಾಮನ್ನೂ ಬಿಟ್ಟು ಹೋಗಿದ್ದ. ಅಜ್ಜಿ ಸಾಮೂಹಿಕ ಬೇಸಾಯದ ಕಾಲದಲ್ಲಿ ಕೊಟ್ಟಿಗೆಯಲ್ಲಿ ಹಾಲು ಕರೆದು ಕರೆದು ಬೆರಳ ಗೆಣ್ಣುಗಳನ್ನು ಹಾಳುಮಾಡಿಕೊಂಡವಳು. ಮುಷ್ಟಿ ಕಟ್ಟಲಾಗುವುದಿಲ್ಲ. ಊಟವಾದ ಮೇಲೆ ಆ ಮುಲಾಮನ್ನು ನಾನು ಅವಳ ಕೈಗೆ ಉಜ್ಜುತ್ತಿದ್ದೆ. ಫಲಿತಾಂಶವನ್ನು ಕೇಳಿದಾಗಲೆಲ್ಲ ಅವಳು ಕೊಟ್ಟ ಹೇಳಿಕೆ ಒಂದೇ: ಬೆಕ್ಕಿನ ವಾಸನೆ ಬರುತ್ತದೆ, ನೋವು ಇದ್ದ ಹಾಗೇ ಇದೆ. ಆದರೆ ತಟ್ಟೆ ತೊಳೆದಿಟ್ಟ ಕೂಡಲೆ ಡಬ್ಬಿ ಎಲ್ಲಿ ಎಂದು ಕೇಳುವವಳೂ ಅವಳೇ. ಇದು ಸಿಬಿಜಿಯ ಗುಣವೋ ಉಜ್ಜಿದ್ದರ ಗುಣವೋ ಎಂಬುದನ್ನು ಬೇರ್ಪಡಿಸಿ ಹೇಳುವ ಯಂತ್ರ ತಮ್ಮ ಪ್ರಯೋಗಾಲಯದಲ್ಲಿದ್ದರೆ ತಿಳಿಸುವುದು.

೩. ಈಗ ಅಜ್ಜಿಯ ಪಾತಿ. ನಾವು ಹಬೆಯಲ್ಲಿ ಬೆವರಿ ಮೀಯುವ ಹಬೆಮನೆಯ ಹಿಂದೆ, ಬರ್ಚ್ ಮರಗಳ ನೆರಳು ಬೀಳದ ಕಡೆ, ಅವಳೂ ಹೆಂಪ್ ಬೆಳೆಯುತ್ತಾಳೆ. ಒಂದು ಬಂಡಿ ತಿರುಗಿಸುವಷ್ಟು ಜಾಗ. ಅವಳಿಗೆ ಅಂಟು ಬೇಡ, ಕಾಳು ಬೇಕು. ಕಾಳನ್ನು ಹದವಾಗಿ ಹುರಿದು, ಉಪ್ಪು ಹಾಕಿ, ಮರದ ಒರಳಿನಲ್ಲಿ ಕುಟ್ಟಿ, ಎಣ್ಣೆ ಬಿಟ್ಟು ಮಿದುವಾಗುವ ತನಕ ಅರೆದು ಹೆಂಪ್ ಬೆಣ್ಣೆ ಮಾಡುತ್ತಾಳೆ. ಯಾನಿ ಹಬ್ಬದ ದಿನ, ನಡುಬೇಸಗೆಯ ಆ ಬೆಳಕು ಆರದ ಸಂಜೆ, ನಮ್ಮ ಊರಿನ ಮೇಜಿನ ಮೇಲೆ ಕಪ್ಪು ರೊಟ್ಟಿಯ ಪಕ್ಕದಲ್ಲಿ ಇರುವುದು ಈ ಬೆಣ್ಣೆಯೇ. ಈಗ ಕುಟ್ಟುವವನು ನಾನು; ನಿಲ್ಲಿಸು, ಇನ್ನೂ ಎರಡು ಏಟು, ಹಾಂ ಸಾಕು ಎನ್ನುವವಳು ಅವಳು. ಬೀಜ ಅವಳ ತಾಯಿಯದು. ತಾಯಿಗೆ ಅವಳ ಅತ್ತೆಯದು. ಆಚೆಗೆ ಯಾರಿಗೂ ಗೊತ್ತಿಲ್ಲ. ಮೇ ತಿಂಗಳಲ್ಲಿ ಬಿತ್ತಲು ಬೇಕಾದಷ್ಟನ್ನು ಬಿತ್ತಿ, ಮಿಕ್ಕಿದ್ದನ್ನೆಲ್ಲ ಜೂನಿನ ಹಬ್ಬಕ್ಕೆ ಅರೆದುಬಿಡುವುದು ಪದ್ಧತಿ. ಹಳೆಯ ಬೀಜ ಮೊಳೆಯುವುದಿಲ್ಲ, ಇಟ್ಟುಕೊಂಡರೆ ಇಲಿಗಾಗುತ್ತದೆ ಎನ್ನುತ್ತಾಳೆ. ಆದ್ದರಿಂದ ಮಾನ್ಯರು ದಯವಿಟ್ಟು ಗಮನಿಸಬೇಕು: ಆ ಬೀಜ ಇವತ್ತು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಡಬ್ಬದಲ್ಲಿಲ್ಲ, ಅಟ್ಟದಲ್ಲಿಲ್ಲ. ಇರುವುದು ಆ ನಿಂತ ಗಿಡಗಳ ತಲೆಯ ಮೇಲೆ, ಇನ್ನೂ ಹಸಿರಾಗಿ.

ಸೋವಿಯತ್ ಕಾಲದಲ್ಲಿ ಈ ಪಾತಿಯನ್ನು ಸಾಮೂಹಿಕ ಬೇಸಾಯದ ಅಧ್ಯಕ್ಷ ಬಂದು ನೋಡಿದ್ದನಂತೆ. ಅವನು ಪಾತಿಯ ಕಡೆ ಕಣ್ಣು ಮುಚ್ಚಿ, ಬೆಣ್ಣೆ ರೊಟ್ಟಿಗೆ ಬಾಯಿ ತೆರೆದನಂತೆ. ಆ ಸರ್ಕಾರವನ್ನು ಹೊಗಳುವ ಉದ್ದೇಶ ನನಗಿಲ್ಲ.

೪. ಅವಳ ಪಾತಿಯಲ್ಲಿ ಗಂಡು ಗಿಡಗಳೂ ಇರುತ್ತವೆ, ಇರಲೇಬೇಕು; ಗಂಡು ಹೊಗೆಯಾಡದೆ, ಅಂದರೆ ಪರಾಗವನ್ನು ಹೊಗೆಯ ಹಾಗೆ ಹಾರಿಸದೆ, ಕಾಳು ಕಟ್ಟುವುದಿಲ್ಲ. ನನ್ನ ಹೊಲದಲ್ಲಿ ಗಂಡು ಇರಕೂಡದು. ಹೆಣ್ಣು ಹೂವಿಗೆ ಪರಾಗ ಬಿದ್ದು ಬೀಜ ಕಟ್ಟಿತೆಂದರೆ ಅದರ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಅಂಟು ಇಳಿದುಹೋಗುತ್ತದೆ. ಬಸುರಿ ಹೆಂಗಸು ಮೈಗೆ ಅಂಟು ಬಳಿದುಕೊಳ್ಳುತ್ತಾ ಕೂರುತ್ತಾಳಾ ಎಂದು ಅಜ್ಜಿ ಕೇಳಿದ್ದಳು. ಈ ವ್ಯವಸ್ಥೆ ಊರಿಗೆಲ್ಲ ಗೊತ್ತಾಗಿ, ಈ ವರ್ಷದ ಹಬ್ಬದಲ್ಲಿ ಪಕ್ಕದ ತೋಟದ ಜೆಂತಾ ಅಕ್ಕ, ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು, ಹೆಂಗಸರ ದಂಡು ಕಟ್ಟಿಕೊಂಡು ಬಂದು, ಹಬ್ಬದ 'ಲೀಗೋ' ಪಲ್ಲವಿ ಹಚ್ಚಿ, ನನ್ನ ಮುಖಕ್ಕೇ ಹಾಡಿದಳು:

ರೈವಿಸನ ಹೊಲದ ತುಂಬ ಹೆಣ್ಣೇ ಹೆಣ್ಣು, ಲೀಗೋ ಲೀಗೋ,
ರೈವಿಸನ ಮನೆಯೊಳಗೆ ಬರೀ ಮಣ್ಣು, ಲೀಗೋ.

ಆ ದಿನ ಹಾಡಿ ಹೀಯಾಳಿಸಿದ್ದಕ್ಕೆ ಸಿಟ್ಟಾಗುವಂತಿಲ್ಲ, ಅದು ನಿಯಮ. ನಾನು ಸಿಟ್ಟಾಗಲಿಲ್ಲ. ಆ ನಿಯಮ ತಮ್ಮ ಕಚೇರಿಗೆ ಅನ್ವಯಿಸುವುದಿಲ್ಲ ಎಂದು ಭಾವಿಸಿದ್ದೇನೆ.

ಇರಲಿ. ನಮ್ಮಲ್ಲಿ ಗಾಳಿ ಬೀಸುವುದು ಸಮುದ್ರದ ಕಡೆಯಿಂದ, ಪಶ್ಚಿಮದಿಂದ. ಅಜ್ಜಿಯ ಪಾತಿ ನನ್ನ ಹೊಲದ ಪೂರ್ವಕ್ಕಿದೆ. ಅವಳ ಗಂಡುಗಳ ಹೊಗೆ ಕಾಡಿನ ಕಡೆ ಹೋಗುತ್ತದೆ, ನನ್ನ ಹೆಣ್ಣುಗಳು ಕ್ಷೇಮ. ಇದು ನನ್ನ ಲೆಕ್ಕ. ಈ ಜುಲೈನಲ್ಲಿ, ಗಂಡು ಗಿಡ ಹೊಗೆಯಾಡುವ ವಾರದಲ್ಲೇ, ಗಾಳಿ ಪೂರ್ವದಿಂದ ಬೀಸಿತು. ಗಾಳಿಯ ವಿರುದ್ಧ ಅರ್ಜಿ ಯಾವ ಕಚೇರಿಗೆ ಕೊಡಬೇಕೆಂಬುದು ತಿಳಿಯದಿರುವುದರಿಂದ ಸದ್ಯಕ್ಕೆ ಕೈಬಿಡಲಾಗಿದೆ.

೫. ಈ ಅಂಶವನ್ನು ಅಜ್ಜಿ ಪೂರ್ತಿಯಾಗಿ ಹೊಡೆದು ಹಾಕಿಸಿದ್ದಾಳೆ.

೬. ನಿರೀಕ್ಷಣೆಯ ದಿನದ ಬಗ್ಗೆ: ಹೂವಿನಲ್ಲಿ ಅಮಲಿನ ಅಂಶ ಮಿತಿಯೊಳಗಿದೆಯೇ ಎಂದು ಪರೀಕ್ಷಿಸಲು ಶ್ರೀಮತಿ ಸೋಲ್ವಿತಾ ಇವರು ಆಗಸ್ಟ್‌ನಲ್ಲಿ ಬಂದರು. ರಬ್ಬರ್ ಬೂಟು ಹಾಕಿಕೊಂಡು ಹೊಲದ ಉದ್ದಕ್ಕೂ ನಡೆದು, ಕಾಗದದ ಚೀಲಗಳಲ್ಲಿ ತುದಿಗಳನ್ನು ಕತ್ತರಿಸಿ ತುಂಬಿದರು. ನಡುವೆ ಒಂದು ಹೂವನ್ನು ಅಂಗೈಯಲ್ಲಿ ತಿಕ್ಕಿ, ಎಳೆ ಬೀಜಗಳನ್ನು ನೋಡಿ, ಇದು ಎಲ್ಲಿಂದ ಬಂತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಹೊಳೆಯಾಚೆಯ ತೋಟಗಳ ಕಡೆ ನೋಡಿದರು. ನಾನೂ ಅತ್ತಲೇ ನೋಡಿದೆ. ಕೆಲಸ ಮುಗಿದಿತ್ತು. ಅವರು ಕಾರಿನ ಬಾಗಿಲು ತೆರೆದಿದ್ದರು. ಅಷ್ಟರಲ್ಲಿ ಅಜ್ಜಿ ಮೆಟ್ಟಿಲ ಮೇಲೆ ಬಂದು ನಿಂತಳು. ಬೆಳಿಗ್ಗೆಯಿಂದ ಹೊಲದಲ್ಲಿ ನಡೆದ ಹೆಂಗಸನ್ನು ಬರಿ ಹೊಟ್ಟೆಯಲ್ಲಿ ಕಳಿಸಿದ್ದೇವೆಂದು ಊರಲ್ಲಿ ಹೇಳಿಸಿಕೊಳ್ಳುವುದು ಅವಳಿಂದ ಆಗದ ಕೆಲಸ.

ಒಳಗೆ ಕೂರಿಸಿ, ಕಪ್ಪು ರೊಟ್ಟಿ ಕುಯ್ದು, ನೆಲಮಾಳಿಗೆಯಲ್ಲಿದ್ದ ಕೊನೆಯ ಜಾಡಿಯ ಬೆಣ್ಣೆಯನ್ನು ಕೆರೆದು ದಪ್ಪಗೆ ಸವರಿ ಕೊಟ್ಟಳು. ತಮ್ಮ ಅಧಿಕಾರಿಯವರು ಮೊದಲ ತುಂಡನ್ನು ಚೂರೂ ಬಿಡದೆ ತಿಂದರು. ಎರಡನೆಯದನ್ನು ಅವರೇ ಕೇಳಿ ಪಡೆದಿರುತ್ತಾರೆ.

"ನನ್ನಜ್ಜಿ ಹೋದ ಮೇಲೆ ಈ ರುಚಿ ಸಿಕ್ಕಿರಲಿಲ್ಲ," ಅಂದರು. "ಎಲ್ಲಿ ತಗೊಳ್ತೀರಿ ಅಜ್ಜಿ ಇದನ್ನ?"

ನಾನು ಮೇಜಿನ ಕೆಳಗೆ ಅಜ್ಜಿಯ ಕಾಲನ್ನು ಒತ್ತಿದೆ.

"ಯಾಕೋ ಕಾಲು ತುಳೀತೀಯ?" ಅಂದಳು ಅವಳು, ಇಡೀ ಮನೆಗೆ ಕೇಳುವ ಹಾಗೆ. ಆಮೇಲೆ ಅತಿಥಿಯ ಕಡೆ ತಿರುಗಿ, "ತಗೊಳ್ಳೋದೇನು ಮಗಳೇ, ನಾನೇ ಬೆಳೆಯೋದು. ಹಬೆಮನೆ ಹಿಂದೆ ಇದೆ, ಬಾ ತೋರಿಸ್ತೀನಿ. ಈ ವರ್ಷ ಕಾಳು ಕಟ್ಟಿರೋದು ನೋಡಬೇಕು ನೀನು."

ಮೂವರೂ ಹೋದೆವು. ಗಿಡಗಳು ನನ್ನ ತಲೆಗಿಂತ ಎತ್ತರವಾಗಿ ನಿಂತಿದ್ದವು. ಅಜ್ಜಿ ಒಂದು ತೆನೆಯನ್ನು ಬಗ್ಗಿಸಿ ತೋರಿಸಿದಳು. ಸೋಲ್ವಿತಾ ಅವರು ಪಾತಿಯನ್ನು ನೋಡಿದರು, ನನ್ನ ಹೊಲದ ಕಡೆ ನೋಡಿದರು, ತುಟಿಯಂಚಿನ ಬೆಣ್ಣೆಯನ್ನು ಬೆರಳಿನಿಂದ ಒರೆಸಿಕೊಂಡರು.

"ಅಜ್ಜಿ, ಈ ಬೀಜಕ್ಕೆ ಚೀಟಿ ಇದೆಯಾ?" ಅಂದರು.

"ಚೀಟಿ ಯಾಕಮ್ಮ? ಇದು ನಮ್ಮದೇ."

ಅವರು ಇನ್ನೊಂದು ಕಾಗದದ ಚೀಲ ತೆಗೆದರು. ಕತ್ತರಿಸುವಾಗ ಕ್ಷಮಿಸಿ ಅಂದರು, ಅಜ್ಜಿಗಲ್ಲ, ಗಿಡಕ್ಕೆ ಅಂದ ಹಾಗಿತ್ತು. ಅವರ ಮೇಲೆ ನನ್ನ ದೂರಿಲ್ಲ. ಕಂಡದ್ದನ್ನು ಕಾಣಲಿಲ್ಲ ಎಂದು ಬರೆದರೆ ಅವರ ಕೆಲಸ ಹೋಗುತ್ತದೆ. ಆದರೆ ದಾಖಲೆಗೆ ಇರಲಿ: ಆ ಬೀಜದ ಕಳೆದ ವರ್ಷದ ಕೊನೆಯ ಪಾಲು ತಮ್ಮ ಕಚೇರಿಯ ಹೊಟ್ಟೆಯೊಳಗಿದೆ.

೭. ಇದಾದ ಮೇಲೆ ತಮ್ಮ ಆದೇಶ. ಎರಡೂ ಕಡೆಯ ಮಾದರಿಗಳಲ್ಲಿ ಅಮಲು ಮಿತಿಯೊಳಗೇ ಇದೆಯೆಂದು ಅದರಲ್ಲಿ ಒಪ್ಪಿಕೊಂಡಿದ್ದೀರಿ. ಆದಾಗ್ಯೂ ಪಾತಿಯ ತಳಿ ಪಟ್ಟಿಯಲ್ಲಿಲ್ಲದ ಕಾರಣ, ಹಾಗೂ ಅದರ ಪರಾಗದಿಂದ ಪರವಾನಗಿ ಪಡೆದ ಬೆಳೆಗಾರನಿಗೆ ಹಾನಿಯಾಗಿರುವ ಕಾರಣ, ಸದರಿ ಬೆಳೆಗಾರನ ಹಿತದೃಷ್ಟಿಯಿಂದ ಪಾತಿಯನ್ನು ಬೀಜ ಬಲಿಯುವ ಮೊದಲು ಕೀಳತಕ್ಕದ್ದು ಎಂದಿದ್ದೀರಿ. ಸದರಿ ಬೆಳೆಗಾರ ನಾನು. ನನ್ನ ಹಿತವನ್ನು ನನ್ನನ್ನು ಕೇಳದೆ ನಿರ್ಧರಿಸಿದ ಮೊದಲಿಗರು ತಾವಲ್ಲ. ಶಾಲೆಯ ಮುಖ್ಯೋಪಾಧ್ಯಾಯರೂ ಹಾಗೇ ಮಾಡಿದ್ದರು. ಆದರೆ ಅವರು ನನ್ನ ಹೆಸರಿನಲ್ಲಿ ನನ್ನ ಅಜ್ಜಿಯನ್ನು ಮುಟ್ಟಿರಲಿಲ್ಲ.

ಆದೇಶವನ್ನು ಓದಿ ನಾನು ಕುರ್ಚಿಯೊಂದನ್ನು ಒದ್ದೆ. ಅಜ್ಜಿ ಅದನ್ನು ಎತ್ತಿ ನಿಲ್ಲಿಸಿ ಅದರ ಮೇಲೆಯೇ ಕೂತಳು.

"ಕಿತ್ತುಬಿಡು," ಅಂದಳು. "ನಿನ್ನ ಹೊಲಕ್ಕೆ ತೊಂದ್ರೆ ಆಗೋದಾದ್ರೆ ನಂದು ಯಾಕಿರಬೇಕು?"

"ಬೀಜ?"

"ಬೆಣ್ಣೆ ಅಂಗಡೀಲಿ ಸಿಗುತ್ತಂತಲ್ಲ, ಪ್ಲಾಸ್ಟಿಕ್ ಡಬ್ಬೀಲಿ."

ಅಂಗಡಿಯ ಅದೇ ಡಬ್ಬಿಯನ್ನು ಒಂದು ಸಲ ರುಚಿ ನೋಡಿ ಕೋಳಿಗಳ ಮುಂದೆ ಇಟ್ಟವಳು ಈ ಮಾತು ಆಡಿದಳು ಎಂಬುದನ್ನು ಕಡತದಲ್ಲಿ ನಮೂದಿಸಿಕೊಳ್ಳಬೇಕು. ನಾನು ಕೀಳುವುದಿಲ್ಲ ಎಂದೆ. ಹಾಗಾದರೆ ಸುಮ್ಮನಿರು ಎಂದಳು.

ಮರುದಿನ ಬೆಳಿಗ್ಗೆ ಕಾಫಿಗೆ ಕರೆದರೆ ಅವಳು ಒಳಗಿರಲಿಲ್ಲ. ಹಬೆಮನೆಯ ಹಿಂದೆ ಹೋಗಿ ನೋಡಿದೆ. ಪಾತಿಯ ಅಂಚಿನ ಒಂದು ಗಿಡವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಗಿಡ ಅರ್ಧ ಬಾಗಿತ್ತು. ಬೆರಳು ಮಡಚದ ಕಾರಣ ಹಿಡಿತ ಸಿಗದೆ, ಅಂಗೈಗಳು ಕಾಂಡದ ಮೇಲೆ ಜಾರಿ ಜಾರಿ ಕೆಂಪಾಗಿದ್ದವು.

"ಬರ್ತಾ ಇಲ್ಲ ಕಣೋ," ಅಂದಳು. "ಸ್ವಲ್ಪ ಹಿಡಿ."

ನಾನು ಹಿಡಿಯಲಿಲ್ಲ. ಅವಳ ಕೈಯನ್ನು ಬಿಡಿಸಿದೆ. ಬಾಗಿದ ಗಿಡಕ್ಕೆ ಕೋಲು ಕಟ್ಟಿ ನಿಲ್ಲಿಸಿದೆ.

೮. ಆಮೇಲೆ ನಾನು ಕುಡುಗೋಲು ತೆಗೆದುಕೊಂಡು ಹೋಗಿ ನನ್ನ ಹೊಲವನ್ನು ಕುಯ್ದು ಹಾಕಿದ್ದೇನೆ. ಪೂರ್ತಿ. ಇದನ್ನು ತ್ಯಾಗವೆಂದು ಬರೆದುಕೊಳ್ಳುವ ಅಗತ್ಯವಿಲ್ಲ. ಮಾರ್ಗೆರ್ಸ್ ಮೊದಲೇ ಬಂದು, ಹೂವನ್ನು ಹಿಸುಕಿ, ಉದುರಿದ ಬೀಜ ನೋಡಿ, ಇದು ಔಷಧಿಯಲ್ಲ, ಹಕ್ಕಿಗೆ ಹಾಕೋ ಕಾಳು ಎಂದು ಕಾರು ಹತ್ತಿದ್ದ. ಹೇಗೂ ಹೋಗಿದ್ದ ಬೆಳೆಯೇ. ಆದರೂ ಕುಯ್ಯುವಾಗ ನನಗೆ ಕಣ್ಣು ಉರಿಯಿತು. ಅಂಟಿಗೆ ಹಾಗಾಗಬಹುದು. ಕರಪತ್ರದಲ್ಲಿ ಅದನ್ನು ಬರೆದಿಲ್ಲ.

ಜೆಂತಾ ಅಕ್ಕ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಹಾಡಲಿಲ್ಲ. ಮಧ್ಯಾಹ್ನ ಒಂದು ಕ್ಯಾನು ಹಾಲು ತಂದು ಮೆಟ್ಟಿಲ ಮೇಲಿಟ್ಟು ಹೋದಳು. ನಾನು ಕುಯ್ದದ್ದು ಯಾಕೆಂದು ಅಜ್ಜಿ ಕೇಳಲಿಲ್ಲ. ಊಟವಾದ ಮೇಲೆ ಡಬ್ಬಿ ತಂದು ಮೇಜಿನ ಮೇಲಿಟ್ಟು ಎರಡೂ ಕೈ ಮುಂದೆ ಚಾಚಿದಳು. ಅಂಗೈ ಸುಲಿದಿದ್ದರಿಂದ ಅವತ್ತು ಬರೀ ಬೆರಳುಗಳಿಗೆ ಉಜ್ಜಿದೆ. ಡಬ್ಬಿಯ ತಳ ಕಾಣುತ್ತಿದೆ. ಮುಗಿದ ಮೇಲೆ ಹಂದಿಯ ಕೊಬ್ಬಿನಲ್ಲಿ ಉಜ್ಜಿದರೂ ನಡೆಯುತ್ತದೆ ಎಂದಿದ್ದಾಳೆ.

೯. ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ:

(ಅ) ಹಾನಿಗೊಳಗಾದ ಪರವಾನಗಿ ಬೆಳೆ ಈಗ ಅಸ್ತಿತ್ವದಲ್ಲಿ ಇಲ್ಲದಿರುವುದರಿಂದ, ಅದನ್ನು ಕಾಪಾಡುವ ಸಲುವಾಗಿ ಅಜ್ಜಿಯ ಪಾತಿಯನ್ನು ಕೀಳುವ ಕಾರಣವೂ ಅಸ್ತಿತ್ವದಲ್ಲಿ ಇರುವುದಿಲ್ಲ. ಸತ್ತ ಹಸುವಿಗೆ ಕಾವಲು ಬೇಡ.

(ಆ) ಇನ್ನು ಪಟ್ಟಿಯಲ್ಲಿಲ್ಲದ ತಳಿ ಎಂಬ ಕಾರಣ. ಪಟ್ಟಿಗೆ ಸೇರಿಸಿ. ಊರಲ್ಲೇ ಉಳಿದುಬಂದ ಹಳೆಯ ತಳಿಗಳಿಗೆ ತಮ್ಮಲ್ಲಿ ಬೇರೆಯೇ ನಮೂನೆ ಇದೆ. ತರಿಸಿ, ತುಂಬಿದ್ದೇನೆ. ತಳಿಯ ಹೆಸರು ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಅಜ್ಜಿಯನ್ನು ಕೇಳಿದೆ. ಹೆಸರಿಡೋಕೆ ಅದೇನು ಹಸುವಾ ಎಂದಳು. ಆ ಜಾಗ ಖಾಲಿ ಇದೆ. ಪರೀಕ್ಷೆಗೆ ಒಂದು ಹಿಡಿ ಬಲಿತ ಬೀಜ ಕೊಡಬೇಕೆಂದು ನಮೂನೆ ಹೇಳುತ್ತದೆ. ಬಲಿಯುವ ಮೊದಲೇ ಕೀಳಬೇಕೆಂದು ಆದೇಶ ಹೇಳುತ್ತದೆ. ಎರಡಕ್ಕೂ ತಮ್ಮದೇ ಮೊಹರು. ಇವೆರಡರಲ್ಲಿ ಯಾವುದು ಅಣ್ಣ, ಯಾವುದು ತಮ್ಮ ಎಂಬುದನ್ನು ತಾವು ತಾವೇ ಕೂತು ತೀರ್ಮಾನಿಸಿಕೊಳ್ಳಬೇಕು.

(ಇ) ಆದೇಶವನ್ನು ಕೈಗೆ ಕೊಡುವಾಗ ಶ್ರೀಮತಿ ಸೋಲ್ವಿತಾ ಇವರು ಗೇಟಿನ ಬಳಿ ನಿಂತು, "ಎರಡೂ ಕಡೆ ಓದಿ. ಜನ ಮುಂಬದಿ ಮಾತ್ರ ಓದಿ ಹರಿದು ಹಾಕ್ತಾರೆ," ಎಂದಿದ್ದರು. ಇದನ್ನು ಬಿಟ್ಟರೆ ಅವರು ನಮಗೆ ಯಾವ ಸಹಾಯವನ್ನೂ ಮಾಡಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ. ಹಿಂಬದಿಯ ಪುಟದಲ್ಲಿರುವಂತೆ, ಆದೇಶದ ವಿರುದ್ಧ ಲಿಖಿತ ಅರ್ಜಿ ಬಂದಲ್ಲಿ ಅದು ಇತ್ಯರ್ಥವಾಗುವ ತನಕ ಆದೇಶವನ್ನು ಜಾರಿ ಮಾಡುವಂತಿಲ್ಲ. ಇತ್ಯರ್ಥಕ್ಕೆ ತಮಗೆ ಒಂದು ತಿಂಗಳ ಕಾಲಾವಕಾಶವಿದೆ. ವಿಷಯ ಜಟಿಲವಾಗಿದ್ದಲ್ಲಿ ಅದನ್ನು ವಿಸ್ತರಿಸಿಕೊಳ್ಳಬಹುದು.

ಇದೇ ಆ ಲಿಖಿತ ಅರ್ಜಿ. ವಿಷಯವನ್ನು ನನ್ನ ಕೈಲಾದ ಮಟ್ಟಿಗೆ ಜಟಿಲ ಮಾಡಿದ್ದೇನೆ.

ಸಿಟ್ಟು ಇಳಿಯದೆ, ಆದರೆ ವಿನಯಪೂರ್ವಕವಾಗಿ,
ತಮ್ಮ ವಿಶ್ವಾಸಕ್ಕೆ ಇನ್ನೂ ಪಾತ್ರನಾಗಿರುವ,
ರೈವಿಸ್ ಸ್ಕುಯಾ
(ವೆಲ್ತಾ ಸ್ಕುಯಾ ಇವರ ಪರವಾಗಿಯೂ. ಅವರಿಗೆ ಪೆನ್ನು ಹಿಡಿಯಲು ಆಗುವುದಿಲ್ಲ.)

ಲಗತ್ತುಗಳು:
೧. ತಮ್ಮ ಆದೇಶದ ನಕಲು, ಎರಡೂ ಪುಟ.
೨. ಹಳೆಯ ತಳಿಯ ನೋಂದಣಿ ನಮೂನೆ, ಹೆಸರಿನ ಜಾಗ ಖಾಲಿ.
೩. ಕುಯ್ದ ಹೊಲದ ಫೋಟೋ. ಮೂಲೆಯಲ್ಲಿ ಕಾಣುವ ಹಾಲಿನ ಕ್ಯಾನು ಜೆಂತಾ ಅವರದು. ಅದಕ್ಕೂ ಪ್ರಕರಣಕ್ಕೂ ಸಂಬಂಧವಿಲ್ಲ.
೪. ಒಂದು ಹಿಡಿ ಬಲಿತ ಬೀಜ: ಲಗತ್ತಿಸಿಲ್ಲ. ಇನ್ನೂ ಗಿಡದ ಮೇಲಿದೆ.

ಕೊನೆಯ ಕೋರಿಕೆ: ಬೀಜ ಬಲಿತದ್ದು ನಮಗೆ ಗೊತ್ತಾಗುವುದು ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಗುಬ್ಬಿಗಳು ಗುಂಪಾಗಿ ಬಂದು ತೆನೆಯ ಮೇಲೆ ಕೂತಾಗ. ಅಲ್ಲಿಯವರೆಗೆ ಈ ಅರ್ಜಿಯನ್ನು ಯಾವ ಕಾರಣಕ್ಕೂ ತುರ್ತು ಎಂದು ಪರಿಗಣಿಸಬಾರದು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಿಧಾನವಾಗಿ ಕಳಿಸಬೇಕು. ಸಂಬಂಧಪಟ್ಟವರು ರಜೆಯಲ್ಲಿದ್ದರೆ ಅವರು ಬರುವವರೆಗೆ ಕಾಯಬೇಕು. ಬಂದ ಮೇಲೆ ಅಭಿಪ್ರಾಯ ಕೇಳಿ ಮೇಲಿನ ಕಚೇರಿಗೆ ಬರೆಯಬೇಕು. ಹೀಗೆ ತಮ್ಮ ಕಚೇರಿಯು ಎಲ್ಲರ ವಿಷಯದಲ್ಲಿ ತೋರುವ ಮಾಮೂಲು ವೇಗವನ್ನೇ ನಮ್ಮ ವಿಷಯದಲ್ಲೂ ತೋರಬೇಕೆಂದು, ಬೇರೆ ಯಾವ ವಿಶೇಷ ಉಪಕಾರವೂ ಬೇಡವೆಂದು ಪ್ರಾರ್ಥಿಸುತ್ತೇನೆ.